ಬಾಗಿಲಲ್ಲಿ ಕಾಯುವ ನಾಲ್ಕು ನಿಮಿಷ

ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಕಚೇರಿಗಳಲ್ಲಿ ಒಂದು ಮಾತು ಬಹಳವಾಗಿ ಬಳಕೆಗೆ ಬಂದಿದೆ. ಅರ್ಜಿ ಹಿಡಿದು ಹೋದವರಿಗೆ ಕಿಟಕಿಯ ಆಚೆಯಿಂದ ದೊರೆಯುವ ಮೊದಲನೆಯ ಉತ್ತರ ಅದೇ: "ಸರ್ವರ್ ಇಲ್ಲ." ಆವನಿಯಲ್ಲಿ ನಮ್ಮ ಬೀದಿಯ ವೃದ್ಧೆಯೊಬ್ಬರು ಪಿಂಚಣಿಯ ಕೆಲಸಕ್ಕೆಂದು ಎರಡು ದಿನ ಅಲೆದು ಬಂದು, "ಆ ಸರ್ವರಿಗೇನು ಕಾಯಿಲೆಯೋ ಕಾಣೆನಪ್ಪಾ, ಇವತ್ತೂ ಬರಲಿಲ್ಲವಂತೆ" ಎಂದು ಮರುಗಿದರು. ಹೋಟೆಲಿನಲ್ಲಿ ದೋಸೆ ತಂದಿಡುವ ಸರ್ವರನ್ನಷ್ಟೇ ಅವರು ಬಲ್ಲರು. ನಾನು ಆಗ ನಕ್ಕೆನಾದರೂ, ಆಮೇಲೆ ಯೋಚಿಸಿದಾಗ ಅವರ ತಿಳಿವಳಿಕೆಗೂ ಕಿಟಕಿಯ ಆಚೆ ಕುಳಿತ ಗುಮಾಸ್ತರ ತಿಳಿವಳಿಕೆಗೂ ಬಹಳ ಅಂತರವಿಲ್ಲವೆಂದು ತೋರಿತು. ಇಬ್ಬರೂ ಕಣ್ಣಿಗೆ ಕಾಣದವನೊಬ್ಬನ ಮೇಲೆ ತಪ್ಪನ್ನು ಹೊರಿಸಿ ಸುಮ್ಮನಾಗಿದ್ದರು.

ಈ ಲೇಖನದಲ್ಲಿ ನಾನು ಚರ್ಚಿಸಬೇಕೆಂದಿರುವುದು ಈ ದೊಡ್ಡ ರೋಗದ ಒಂದು ಸಣ್ಣ ಲಕ್ಷಣವನ್ನು. ಕಚೇರಿಯ ಕಂಪ್ಯೂಟರಿನ ಮುಂದೆ ಕುಳಿತು, ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಒತ್ತಿದ ಮೇಲೆ, ಯಂತ್ರವು ಕೆಲಸಕ್ಕೆ ಸಿದ್ಧವಾಗುವವರೆಗೆ ಕಾಯುವ ಕಾಲವೇ ಅದು. ಇದಕ್ಕೆ ಲಾಗಿನ್ ಎಂದು ಹೆಸರು. ಮನೆಯ ಕಂಪ್ಯೂಟರಿನಲ್ಲಿ ಇದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಹತ್ತಾರು ಯಂತ್ರಗಳನ್ನು ತಂತಿಯಿಂದ ಒಂದು ಕೇಂದ್ರಯಂತ್ರಕ್ಕೆ ಜೋಡಿಸಿದ ಕಚೇರಿಗಳಲ್ಲಾದರೋ ಎರಡು, ನಾಲ್ಕು, ಕೆಲವೊಮ್ಮೆ ಹತ್ತು ನಿಮಿಷ ಹಿಡಿಯುವುದುಂಟು. "ಇದೇನು ಮಹಾ, ಅಷ್ಟು ಹೊತ್ತಿನಲ್ಲಿ ಒಂದು ಲೋಟ ಕಾಫಿ ಕುಡಿದು ಬರಬಹುದು" ಎನ್ನುವವರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಏಕೆಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕಚೇರಿಯ ಹೆಸರು ನಮಗೆ ಅನಾವಶ್ಯಕ. ಅದು ಒಂದು ಕಾಲೇಜಿನ ಕಚೇರಿ ಎಂದರೆ ಸಾಕು.

ಅಲ್ಲಿ 14 ಕಂಪ್ಯೂಟರುಗಳಿದ್ದವು. ಬೆಳಗ್ಗೆ 10 ಗಂಟೆಗೆ ಲಾಗಿನ್ ಆಗಲು ಒಬ್ಬೊಬ್ಬರಿಗೂ ನಾಲ್ಕು ನಿಮಿಷಕ್ಕೂ ಮೇಲೆ ಬೇಕಾಗುತ್ತಿತ್ತು. ಊಟಕ್ಕೆ ಎದ್ದು ಬಂದರೆ ಮತ್ತೆ ಕಾಯಬೇಕು. ಪಕ್ಕದ ಯಂತ್ರಕ್ಕೆ ಹೋದರೆ ಮತ್ತೆ ಕಾಯಬೇಕು. ಮನುಷ್ಯನ ಸ್ವಭಾವವು ನೀರಿನಂತೆ ಸುಲಭವಾದ ದಾರಿಯನ್ನು ಹುಡುಕುತ್ತದೆಯಷ್ಟೆ. ಬೆಳಗ್ಗೆ ಮೊದಲು ಬಂದವರು ತಮ್ಮ ಹೆಸರಿನಲ್ಲಿ ಯಂತ್ರಗಳನ್ನು ತೆರೆದಿಡುವುದು, ಮಿಕ್ಕವರೆಲ್ಲರೂ ಸಂಜೆಯವರೆಗೆ ಅದೇ ಹೆಸರಿನಲ್ಲಿ ಕೆಲಸ ಮಾಡುವುದು ಎಂದು ಮೌನವಾಗಿ ಒಂದು ಒಪ್ಪಂದವಾಯಿತು. ಪಾಸ್‌ವರ್ಡು ಮರೆಯಬಾರದೆಂದು ಒಂದು ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಲಾಯಿತು. ಹೀಗೆ ಒಂದು ವರ್ಷ ನಡೆಯಿತು. ಆ ಬಳಿಕ ಒಬ್ಬ ವಿದ್ಯಾರ್ಥಿನಿಯ ಆಂತರಿಕ ಅಂಕ 18 ಎಂದಿದ್ದುದು 8 ಎಂದಾಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ, ಕೈತಪ್ಪು. ಆದರೆ ಯಾರ ಕೈತಪ್ಪು? ಯಂತ್ರದ ದಾಖಲೆಯನ್ನು ತೆಗೆದು ನೋಡಿದರೆ, ಆ ದಿನ ರಜೆಯಲ್ಲಿದ್ದ ಗುಮಾಸ್ತರೊಬ್ಬರ ಹೆಸರು! ಆರು ಜನ ಒಂದೇ ಹೆಸರಿನಲ್ಲಿ ಕೆಲಸ ಮಾಡಿದ್ದರು. ಮೂಲ ಉತ್ತರಪತ್ರಿಕೆಯನ್ನು ಹುಡುಕಿ ಆ 1ನ್ನು ಮತ್ತೆ 8ರ ಎಡಕ್ಕೆ ತಂದು ಕೂರಿಸುವಷ್ಟರಲ್ಲಿ ಮೂರು ವಾರ ಕಳೆಯಿತು. ಆ ಹುಡುಗಿಯ ತಂದೆ ಕೂಲಿಯನ್ನು ಬಿಟ್ಟು ಮೂರು ಬಾರಿ ಕಾಲೇಜಿಗೆ ಬಂದು ಹೋದರು.

ನಿಧಾನವಾದ ಲಾಗಿನ್ ಬರಿಯ ಬೇಸರದ ವಿಷಯವಲ್ಲ. ಬೀಗ ತೆಗೆಯುವುದು ಕಷ್ಟವಾದರೆ ಜನ ಬಾಗಿಲನ್ನೇ ಹಾರುಹೊಡೆದಿಡುತ್ತಾರೆ. ಕರ್ನಾಟಕದಲ್ಲಿ 2000ದ ಸುಮಾರಿಗೆ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ದಾಖಲೆಯನ್ನು ತಿದ್ದುವ ನೌಕರನು ಬೆರಳಚ್ಚು ಒತ್ತಿ ಒಳಹೋಗಬೇಕೆಂಬ ಏರ್ಪಾಡನ್ನು ಮಾಡಿತು. ರೈತನ ಹೊಲದ ಮೇಲಿನ ಹಕ್ಕನ್ನು ಬದಲಿಸಿದ ಕೈ ಯಾರದೆಂಬುದು ನಾಳೆ ತಿಳಿಯಬೇಕು ಎಂಬುದೇ ಅದರ ಉದ್ದೇಶ. ಲಾಗಿನ್ ಎಂಬುದು ಹಳೆಯ ಕಾಲದ ರುಜುವಿನ ಸ್ಥಾನದಲ್ಲಿದೆ. ಒಂದು ರುಜು ಹಾಕಲು ನಾಲ್ಕು ನಿಮಿಷ ಬೇಕೆಂದರೆ, ಒಬ್ಬರ ರುಜುವನ್ನು ಇನ್ನೊಬ್ಬರು ಹಾಕುವ ಕಾಲ ದೂರವಿರುವುದಿಲ್ಲ.

ಇನ್ನು ಚಿಕಿತ್ಸೆಯ ವಿಚಾರ. ಆ ಕಚೇರಿಯಲ್ಲಿ ಸೇರಿದ ಸಭೆಯಲ್ಲಿ ಕಂಪ್ಯೂಟರುಗಳು ಹಳೆಯವಾದುವು ಎಂದರು ಒಬ್ಬರು. ಬೆಂಗಳೂರಿನಿಂದ ಬರುವ ಇಂಟರ್ನೆಟ್ ತಂತಿ ಸರಿಯಿಲ್ಲ, ನಾವು ದೂರದಲ್ಲಿದ್ದೇವೆ ಎಂದರು ಮತ್ತೊಬ್ಬರು. ಮಾರಾಟಗಾರನ ಕಡೆಯವನು ಹೊಸ ಕೇಂದ್ರಯಂತ್ರವೊಂದರ ಬೆಲೆಪಟ್ಟಿಯನ್ನು ಮೇಜಿನ ಮೇಲಿಟ್ಟನು. ಎಲ್ಲರ ಬಳಿಯೂ ಉತ್ತರವಿತ್ತು. ಒಬ್ಬರ ಬಳಿಯೂ ಗಡಿಯಾರವಿರಲಿಲ್ಲ. ಭೌತಶಾಸ್ತ್ರವನ್ನು ಬೋಧಿಸುವವನಿಗೆ ಇದು ಸಹಿಸಲಾಗದ ಸಂಗತಿ. ಎರಡು ವಾರ ಅವಕಾಶ ಕೊಡಿರೆಂದು ಬೇಡಿಕೊಂಡು, ಬಿ.ಎಸ್‌ಸಿ. ತರಗತಿಯ ನಾಲ್ವರು ವಿದ್ಯಾರ್ಥಿಗಳನ್ನೂ ಲೋಲಕದ ಪ್ರಯೋಗಕ್ಕೆ ಬಳಸುವ ಸ್ಟಾಪ್‌ವಾಚನ್ನೂ ಕರೆದುಕೊಂಡು ಹೋದೆನು.

ಮೊದಲು 'ದೂರ'ದ ವಾದವನ್ನು ನೋಡೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಆವನಿಯಿಂದ ಬೆಂಗಳೂರಿಗೆ ತಂತಿಯ ದಾರಿ 100 ಕಿಲೋಮೀಟರು ಎಂದಿಟ್ಟುಕೊಂಡರೂ, ಪ್ರಶ್ನೆ ಹೋಗಿ ಉತ್ತರ ಬರಲು ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಸಾಕು. ನಾಲ್ಕು ನಿಮಿಷದಲ್ಲಿ ಅದೇ ಬೆಳಕು 4 ಕೋಟಿ 80 ಲಕ್ಷ ಕಿಲೋಮೀಟರು ಹೋಗಿರುತ್ತದೆ; ಎಂದರೆ ಚಂದ್ರನ ದೂರದ ನೂರಿಪ್ಪತ್ತು ಮಡಿಗೂ ಹೆಚ್ಚು! ಬೆಂಗಳೂರು ಅಷ್ಟು ದೂರದಲ್ಲಿಲ್ಲ. ಮೇಲಾಗಿ, ಆ ಕೇಂದ್ರಯಂತ್ರವಿದ್ದುದು ಬೆಂಗಳೂರಿನಲ್ಲೂ ಅಲ್ಲ, ಪಕ್ಕದ ಕೋಣೆಯಲ್ಲಿ. ಆದುದರಿಂದ ದೂರವು ಈ ಮೊಕದ್ದಮೆಯಲ್ಲಿ ನಿರಪರಾಧಿ. ಯಾವುದೋ ಯಂತ್ರವು ಕೆಲಸ ಮಾಡುತ್ತಲೋ ಕೆಲಸವಿಲ್ಲದೆಯೋ ಕಾಲವನ್ನು ಕಳೆಯುತ್ತಿದೆ. ಅದು ಎಲ್ಲಿ ಎಂಬುದೇ ಪ್ರಶ್ನೆ.

ಕಾಲವನ್ನು ಅಳೆದು ಸ್ಥಳವನ್ನು ಹಿಡಿಯುವ ವಿದ್ಯೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವ ಮುಂಚೆ 3 ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದಿದ್ದವು. ಅಷ್ಟು ಆಳದ ಒತ್ತಡದಲ್ಲಿ ಬಂಡೆ ತಟಕ್ಕನೆ ಸಿಡಿಯುತ್ತಿತ್ತು; ಗಣಿಯವರು ಅದನ್ನು ಏರ್ ಬ್ಲಾಸ್ಟ್ ಎಂದು ಕರೆಯುತ್ತಿದ್ದರು. ಸಿಡಿದ ತಾಣ ಎಲ್ಲಿ ಎಂದು ತಿಳಿಯಲು, ಬೇರೆಬೇರೆ ಕಡೆ ಇಟ್ಟ ಕಂಪನಮಾಪಕಗಳಿಗೆ ಅಲೆಯು ಯಾವ ಯಾವ ಕ್ಷಣದಲ್ಲಿ ಮುಟ್ಟಿತೆಂಬುದನ್ನು ಹೋಲಿಸಿ ನೋಡುತ್ತಿದ್ದರು. ಬಂಡೆಯಲ್ಲಿ ಅಲೆಯು ಸೆಕೆಂಡಿಗೆ ಐದಾರು ಕಿಲೋಮೀಟರು ಓಡುತ್ತದೆ. ಆದಕಾರಣ ಕ್ಷಣಗಳ ಅಂತರದಿಂದ ದೂರಗಳ ಅಂತರ ದೊರೆಯುತ್ತದೆ. ಯಾರೂ ಕೆಳಗಿಳಿದು ಬಂಡೆಯನ್ನು ತಟ್ಟಿ ನೋಡಬೇಕಾಗಿರಲಿಲ್ಲ. ಗಣಿಯ ಪಕ್ಕದಲ್ಲೇ ಬೆಳೆದ ನಾವು ಕಚೇರಿಯ ಯಂತ್ರದ ಮುಂದೆ ಮಾತ್ರ ಏಕೆ ಕೈಚೆಲ್ಲಿ ಕೂರಬೇಕು?

ನಮ್ಮ ವಿದ್ಯಾರ್ಥಿಗಳ ಮೊದಲ ದಿನದ ಟಿಪ್ಪಣಿ ಹೀಗಿತ್ತು. ಬೆಳಗ್ಗೆ 10 ಗಂಟೆಗೆ, ಎಲ್ಲರೂ ಒಟ್ಟಿಗೆ ತೆರೆದಾಗ, 250 ಸೆಕೆಂಡು. ಸಂಜೆ 4 ಗಂಟೆಗೆ, ಅದೇ ಯಂತ್ರ, ಅದೇ ಗುಮಾಸ್ತರು, ಆದರೆ ಮಿಕ್ಕ ಯಂತ್ರಗಳೆಲ್ಲ ಮುಚ್ಚಿರುವಾಗ, 145 ಸೆಕೆಂಡು. ಅಂದಮೇಲೆ ನಿಧಾನದಲ್ಲಿ ಎರಡು ಬಗೆಯಿರಬೇಕು: 105 ಸೆಕೆಂಡು ಜನಸಂದಣಿಯದು, ಉಳಿದ 145 ಸೆಕೆಂಡು ಸಂದಣಿಗೆ ಸಂಬಂಧವಿಲ್ಲದ್ದು. ಬಳಿಕ ಹಿಂಬದಿಯ ತಂತಿಯನ್ನು ಕಿತ್ತು, ಆ ಕಂಪ್ಯೂಟರಿನೊಳಗೇ ಇರುವ ಸ್ಥಳೀಯ ಖಾತೆಯಿಂದ ಒಳಹೋದರು: 38 ಸೆಕೆಂಡು. ಯಂತ್ರ ಹಳೆಯದೆಂಬ ದೂರು ಅಲ್ಲಿಗೆ ಬಿದ್ದುಹೋಯಿತು. ಹಳೆಯ ಯಂತ್ರವು ತನ್ನ ಪಾಲಿನ ಕೆಲಸವನ್ನು 38 ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತಿದೆ. ಮಿಕ್ಕ ಹೊತ್ತೆಲ್ಲ ಅದು ಬೇರೆ ಯಾರಿಗೋ ಕಾಯುತ್ತಿದೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡು ಎಂದು ಪ್ರಯೋಗಶಾಲೆಯಲ್ಲಿ ನಾವು ಬಾಯಿಪಾಠ ಮಾಡಿಸುವ ನಿಯಮಕ್ಕೆ ಇಷ್ಟು ಬೇಗ ಫಲ ಸಿಕ್ಕಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಸಂದಣಿಯ 105 ಸೆಕೆಂಡನ್ನು ಲೆಕ್ಕದಿಂದಲೇ ಬಿಡಿಸಬಹುದಾಗಿತ್ತು. ಆ ಕಚೇರಿಯಲ್ಲಿ ಒಬ್ಬನು ಯಾವ ಯಂತ್ರದ ಮುಂದೆ ಕುಳಿತರೂ ಅವನ ಕಾಗದಪತ್ರಗಳು ಅಲ್ಲಿಗೇ ಬರುವಂತೆ ಏರ್ಪಾಡಿತ್ತು. ಕೇಂದ್ರಯಂತ್ರವು ಅವನ ಗಂಟನ್ನು ಬೆಳಗ್ಗೆ ಹೊತ್ತು ತಂದು ಕೊಡುತ್ತದೆ, ಸಂಜೆ ಹೊತ್ತು ಒಯ್ಯುತ್ತದೆ. ಅನುಕೂಲವೇನೋ ಹೌದು. ಆದರೆ ಗಂಟಿನಲ್ಲಿ ಏನೇನಿತ್ತೆಂದು ಬಿಚ್ಚಿ ನೋಡಿದರೆ, ಸುತ್ತೋಲೆಗಳ ಜೊತೆಗೆ ಮದುವೆಯ ಫೋಟೋಗಳು, ನಾಮಕರಣದ ಫೋಟೋಗಳು, ಹಾಡುಗಳು! ಸರಾಸರಿ ಒಂದು ಗಂಟು 100 ಮೆಗಾಬೈಟು, ಎಂದರೆ 800 ಮೆಗಾಬಿಟ್ಟು. ಕೇಂದ್ರಯಂತ್ರದ ತಂತಿಯು ಸೆಕೆಂಡಿಗೆ 100 ಮೆಗಾಬಿಟ್ಟನ್ನು ಸಾಗಿಸಬಲ್ಲದು. ಒಬ್ಬನೇ ಇದ್ದರೆ 8 ಸೆಕೆಂಡು; ಹದಿನಾಲ್ವರೂ ಒಟ್ಟಿಗೆ ಕೇಳಿದರೆ 112. ವ್ಯತ್ಯಾಸ 104, ನಾವು ಅಳೆದದ್ದು 105. ಇಷ್ಟು ಚೆನ್ನಾಗಿ ಹೊಂದಿದ್ದರಲ್ಲಿ ಅದೃಷ್ಟದ ಪಾಲೂ ಇದೆಯೆಂದು ವಿದ್ಯಾರ್ಥಿಗಳಿಗೆ ಎಚ್ಚರಿಕೆ ಹೇಳಿದೆ. 100 ಎಂಬುದು ಸ್ಥೂಲವಾದ ಸರಾಸರಿ, ತಂತಿಯೂ ಪೂರ್ಣವೇಗದಲ್ಲಿ ಎಂದೂ ಓಡುವುದಿಲ್ಲ.

ಸಂದಣಿಯ ವಿಷಯದಲ್ಲಿ ಇನ್ನೊಂದು ಮಾತು. ಶಿವರಾತ್ರಿಯ ಜಾತ್ರೆಯಲ್ಲಿ ಆವನಿಯ ರಾಮಲಿಂಗೇಶ್ವರನ ಗುಡಿಯ ಬಾಗಿಲಲ್ಲಿ ನಿಂತು ನೋಡಿದವರಿಗೆ ಇದು ಅನುಭವದ ವಿಷಯ: ಜನ ಇಮ್ಮಡಿಯಾದರೆ ಕಾಯುವ ಹೊತ್ತು ಇಮ್ಮಡಿಯಾಗಿ ನಿಲ್ಲುವುದಿಲ್ಲ, ಎಷ್ಟೋ ಮಡಿ ಏರುತ್ತದೆ. ಟೆಲಿಫೋನು ಕರೆಗಳ ಸಂದಣಿಯನ್ನು ಕುರಿತು 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಎಂಬಾತ ಆರಂಭಿಸಿದ ಗಣಿತ ಇದನ್ನು ವಿವರಿಸುತ್ತದೆ. ಜನರು ಅನಿಯತವಾಗಿ ಬರುವ ಸರಳವಾದ ಒಂದು ಸಾಲಿನಲ್ಲಿ, ಸೇವೆ ಕೊಡುವವನು ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ ಒಬ್ಬನಿಗೆ ತಗಲುವ ಸರಾಸರಿ ಕಾಲ ಅವನ ಕೆಲಸಕ್ಕೆ ಬೇಕಾದುದರ 2 ಮಡಿ. ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಕೆಲಸದಲ್ಲಿದ್ದರೆ 10 ಮಡಿ. ಇಪ್ಪತ್ತರಲ್ಲಿ ಹತ್ತೊಂಬತ್ತಾದರೆ 20 ಮಡಿ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆಸ್ತಿ ನೋಂದಣಿಯ 'ಕಾವೇರಿ 2.0' ವ್ಯವಸ್ಥೆಯ ಮೇಲೆ ದುರುದ್ದೇಶದಿಂದ ಸುಳ್ಳು ಕೋರಿಕೆಗಳ ಮಳೆ ಸುರಿಸಿ ಉಪನೋಂದಣಾಧಿಕಾರಿಗಳ ಕಚೇರಿಗಳ ಕೆಲಸ ಕುಂಠಿತವಾಗುವಂತೆ ಮಾಡಿದ್ದು ಇದೇ ತತ್ತ್ವದ ಮೇಲೆ. ಬೀಗವನ್ನು ಯಾರೂ ಮುರಿಯಬೇಕಾಗಿಲ್ಲ. ಸಾಲಿನಲ್ಲಿ ಸುಮ್ಮನೆ ಜನರನ್ನು ತುಂಬಿದರೆ ಸಾಕು.

ಈಗ ಸಂದಣಿಗೆ ಸಂಬಂಧವಿಲ್ಲದ 145 ಸೆಕೆಂಡು. ಅದರಲ್ಲಿ ಯಂತ್ರದ್ದು 38, ಗಂಟಿನದು 8, ಉಳಿದದ್ದು 99. ಇದೇ ಎಲ್ಲಕ್ಕಿಂತ ಸ್ವಾರಸ್ಯವಾದ ಭಾಗ. ಏಕೆಂದರೆ ಆ 99 ಸೆಕೆಂಡುಗಳಲ್ಲಿ ಯಾವ ಯಂತ್ರವೂ ಕೆಲಸವನ್ನೇ ಮಾಡುತ್ತಿರಲಿಲ್ಲ. ತಂತಿಯ ದೀಪಗಳು ಆಗೊಮ್ಮೆ ಈಗೊಮ್ಮೆ ಮಿನುಗಿ ಸುಮ್ಮನಾಗುತ್ತಿದ್ದವು. ಎಲ್ಲರೂ ಕಾಯುತ್ತಿದ್ದರು, ಆದರೆ ಯಾರಿಗಾಗಿ?

ತಂತಿಯಲ್ಲಿ ಸಾಗುವ ಮಾತುಗಳನ್ನು ಕ್ಷಣಸಮೇತ ಬರೆದಿಡುವ ತಂತ್ರಾಂಶವೊಂದು ಉಚಿತವಾಗಿ ದೊರೆಯುತ್ತದೆ. ಅದನ್ನು ಓಡಿಸಿ ನೋಡಿದಾಗ ಒಂದು ವಿಚಿತ್ರ ಲಯ ಕಂಡಿತು. ಕಂಪ್ಯೂಟರು ಒಂದು ವಿಳಾಸಕ್ಕೆ ಕೂಗು ಹಾಕಿ 3 ಸೆಕೆಂಡು ಕಾಯುತ್ತದೆ, ಉತ್ತರವಿಲ್ಲ. ಮತ್ತೆ ಕೂಗಿ 6 ಸೆಕೆಂಡು ಕಾಯುತ್ತದೆ, ಇಲ್ಲ. ಮೂರನೆಯ ಬಾರಿ ಕೂಗಿ 12 ಸೆಕೆಂಡು ಕಾದು ಕೈಬಿಡುತ್ತದೆ. 3, 6, 12 ಎಂಬ ಗುಣೋತ್ತರ ಶ್ರೇಢಿಯ ಮೊತ್ತ 21. ಇಂಥ 21ಗಳು ಎರಡಿದ್ದವು, ಒಟ್ಟು 42 ಸೆಕೆಂಡು. ಆ ವಿಳಾಸ ಯಾರದೆಂದು ವಿಚಾರಿಸಿದರೆ, ಎರಡು ವರ್ಷದ ಹಿಂದೆ ಗುಜರಿಗೆ ಹಾಕಿದ ಹಳೆಯ ಯಂತ್ರದ್ದು! ಅದರ ಎರಡು ಕಡತಪೆಟ್ಟಿಗೆಗಳನ್ನು ಪ್ರತಿ ಲಾಗಿನ್ನಿನಲ್ಲಿಯೂ ಜೋಡಿಸಬೇಕೆಂಬ ಆಜ್ಞೆಯನ್ನು ಯಾರೂ ಅಳಿಸಿರಲಿಲ್ಲ. ಸತ್ತವರ ಮನೆಯ ಕದವನ್ನು 14 ಯಂತ್ರಗಳೂ ದಿನವೂ ತಟ್ಟುತ್ತಿದ್ದವು.

ಯಂತ್ರವು ಪ್ರತಿ ಸಲವೂ ಇಮ್ಮಡಿ ಹೊತ್ತು ಕಾಯುವುದು ಮೂರ್ಖತನವಲ್ಲ, ಸೌಜನ್ಯ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೇವಲ 400 ಗಜ ಅಂತರದ ಎರಡು ಸಂಸ್ಥೆಗಳ ನಡುವಣ ಸಂಪರ್ಕದ ವೇಗವು ಸೆಕೆಂಡಿಗೆ 32 ಸಾವಿರ ಬಿಟ್ಟಿನಿಂದ 40 ಬಿಟ್ಟಿಗೆ ಕುಸಿಯಿತು. ಸಂದಣಿಯಾದಾಗ ಎಲ್ಲ ಯಂತ್ರಗಳೂ ತಾಳ್ಮೆಗೆಟ್ಟು ಮತ್ತೆ ಮತ್ತೆ ಅದನ್ನೇ ಕಳುಹಿಸಿ, ದಾರಿಯನ್ನು ತಾವೇ ಕಟ್ಟಿಹಾಕಿಕೊಂಡಿದ್ದವು. ಇದನ್ನು ಅಭ್ಯಸಿಸಿ ವಾನ್ ಜೇಕಬ್‌ಸನ್ ಎಂಬುವರು 1988ರಲ್ಲಿ ಪ್ರಕಟಿಸಿದ ನಿಯಮಗಳು, ಉತ್ತರ ಬಾರದಿದ್ದಾಗ ಹಿಂದೆ ಸರಿದು ಕಾಯುವುದನ್ನು ಯಂತ್ರಗಳಿಗೆ ಇನ್ನೂ ಚೆನ್ನಾಗಿ ಕಲಿಸಿದವು. ನಮ್ಮ ಯಂತ್ರವು ಸಭ್ಯವಾಗಿಯೇ ನಡೆದುಕೊಂಡಿತ್ತು. ತಪ್ಪಾದ ವಿಳಾಸವನ್ನು ಕೊಟ್ಟವರು ಮನುಷ್ಯರು.

ಉಳಿದ 57 ಸೆಕೆಂಡುಗಳಲ್ಲಿ 53ರ ಮೂಲವೂ ಇಂಥದೇ. ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ನಾವು ಕರೆಯುವುದು ಹೆಸರುಗಳಿಂದ. ಹೆಸರನ್ನು ಕೊಟ್ಟರೆ ಅಂಕಿಯನ್ನು ಹೇಳುವ ವಿಳಾಸಪುಸ್ತಕದಂಥ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು, ಡಿ.ಎನ್.ಎಸ್. ಎಂದು ಅದರ ಹೆಸರು. ಲಾಗಿನ್ ಆಗುವ ಕಂಪ್ಯೂಟರು ಮೊದಲು ಈ ಪುಸ್ತಕವನ್ನು ಕೇಳುತ್ತದೆ: "ಈ ಕಚೇರಿಯಲ್ಲಿ ಪಾಸ್‌ವರ್ಡನ್ನು ಪರೀಕ್ಷಿಸುವವರು ಯಾರು?" ಕಚೇರಿಯ ಒಳಗಿನ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ. ಆದರೆ ಇಂಟರ್ನೆಟ್ ಚುರುಕಾಗಲೆಂದು ಯಾರೋ ಸದುದ್ದೇಶದಿಂದಲೇ ಎಲ್ಲ ಕಂಪ್ಯೂಟರುಗಳಿಗೂ ಹೊರಗಿನ ಪುಸ್ತಕವನ್ನು ತೋರಿಸಿಕೊಟ್ಟಿದ್ದರು. ಲೋಕದ ಎಲ್ಲ ಪ್ರಸಿದ್ಧ ಹೆಸರುಗಳೂ ಅದರಲ್ಲಿವೆ, ನಮ್ಮ ಪಕ್ಕದ ಕೋಣೆಯದು ಮಾತ್ರ ಇಲ್ಲ. ಮುಳಬಾಗಿಲಿನ ಬೀದಿಯಲ್ಲಿ ನಿಂತು, ಎದುರು ಮನೆಯವರು ಯಾರೆಂದು ದೆಹಲಿಗೆ ಫೋನು ಮಾಡಿ ಕೇಳಿದಂತಾಯಿತು. ಅಲ್ಲಿಂದ ಇಲ್ಲವೆಂಬ ಉತ್ತರ ಬಂದ ಮೇಲೆ ಕಂಪ್ಯೂಟರು ಹಲವು ಬಗೆಯಲ್ಲಿ ಪ್ರಯತ್ನಿಸಿ, ಕೊನೆಗೆ ಇಡೀ ಕಚೇರಿಗೆ ಕೇಳುವಂತೆ ಕೂಗಿ, ಕೇಂದ್ರಯಂತ್ರವನ್ನು ಕಂಡುಕೊಳ್ಳುತ್ತಿತ್ತು.

ಇವೆರಡನ್ನೂ ಸರಿಪಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ನಡುವೆ ಒಂದು ಉಪಕಥೆಯೂ ನಡೆಯಿತು. ಹದಿನಾಲ್ಕರಲ್ಲಿ ಒಂದು ಕಂಪ್ಯೂಟರು ಸರಿಯಾದ ಪಾಸ್‌ವರ್ಡನ್ನು ಕೊಟ್ಟರೂ ಒಳಗೆ ಬಿಡುತ್ತಿರಲಿಲ್ಲ. ಒಳಗಿನ ಗುಂಡಿಯಷ್ಟು ಚಿಕ್ಕ ಸೆಲ್ಲು ಸತ್ತು, ಅದರ ಗಡಿಯಾರ ಎಷ್ಟೋ ವರ್ಷ ಹಿಂದೆ ಬಿದ್ದಿತ್ತು. ಇಂಥ ಕಚೇರಿಗಳಲ್ಲಿ ಬಳಸುವ ಕೆರ್ಬೆರೋಸ್ ಎಂಬ ಪರೀಕ್ಷಾಕ್ರಮವು, ಕೊಟ್ಟ ಪ್ರವೇಶಪತ್ರದ ಮೇಲೆ ಹೊತ್ತನ್ನು ಬರೆಯುತ್ತದೆ. ಎರಡು ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಪತ್ರ ನಡೆಯದು. ಕದ್ದ ಹಳೆಯ ಪತ್ರವನ್ನು ಮತ್ತೆ ತೋರಿಸಿ ಯಾರೂ ನುಸುಳಬಾರದೆಂದು ಈ ಕಟ್ಟು. ಗುಮಾಸ್ತರು ತಮ್ಮ ಬೆರಳನ್ನೇ ಶಂಕಿಸಿಕೊಂಡು ತಿಂಗಳುಗಟ್ಟಲೆ ಒದ್ದಾಡಿದ್ದರು, ಪಾಪ!

ನನ್ನ ಅಭಿಪ್ರಾಯ ಇಷ್ಟು. ಕಚೇರಿಯೊಂದು ಹೊಸ ಯಂತ್ರಕ್ಕೆ ಹಣ ಬೇಕೆಂದು ಬರೆಯುವ ಪ್ರತಿಯೊಂದು ಕಾಗದದ ಜೊತೆಗೆ, ಹಳೆಯ ಯಂತ್ರವು ಎಲ್ಲಿ ಎಷ್ಟು ಸೆಕೆಂಡು ಕಳೆಯುತ್ತದೆಂಬ ಅಳತೆಯನ್ನು ಲಗತ್ತಿಸತಕ್ಕದ್ದು. ಆ ಕಾಲೇಜು ಬೆಲೆಪಟ್ಟಿಯಂತೆ ಹೊಸ ಕೇಂದ್ರಯಂತ್ರವನ್ನು ಕೊಂಡಿದ್ದರೆ, ಸತ್ತ ಯಂತ್ರಕ್ಕಾಗಿ ಕಾಯುವ 42 ಸೆಕೆಂಡೂ ತಪ್ಪು ಪುಸ್ತಕದ 53 ಸೆಕೆಂಡೂ ಹಾಗೆಯೇ ಉಳಿಯುತ್ತಿದ್ದವು. ಆಗ ಇನ್ನೂ ಹೊಸದನ್ನು ಕೊಳ್ಳೋಣವೆಂಬ ಮಾತು ಹುಟ್ಟುತ್ತಿತ್ತು. ಆರಿಸಿ ಮತ್ತೆ ಹಚ್ಚಿದರೆ ಸರಿಹೋಗುತ್ತದೆಂಬ ಸರ್ವರೋಗನಿವಾರಕ ಚಿಕಿತ್ಸೆಯನ್ನೂ ನಾನು ಮೆಚ್ಚೆನು. ಅದರಿಂದ ಒಮ್ಮೊಮ್ಮೆ ಗುಣವಾಗುವುದುಂಟು, ಆದರೆ ರೋಗದ ಕುರುಹನ್ನೂ ಅದು ಅಳಿಸಿಹಾಕುತ್ತದೆ. ಇದೆಲ್ಲ ತಂತ್ರಜ್ಞರ ಕೆಲಸ, ವಿದ್ಯಾರ್ಥಿಗಳಿಗೇಕೆ ಎನ್ನುವವರಿಗೆ ನನ್ನ ಉತ್ತರ: ಆ ಕಚೇರಿಗೆ ವರ್ಷಕ್ಕೆ ಎರಡು ಸಲ ತಂತ್ರಜ್ಞರು ಬಂದು ಹೋಗುತ್ತಿದ್ದರು. ಅವರಿಗೆ ಜ್ಞಾನಕ್ಕೆ ಕೊರತೆಯಿರಲಿಲ್ಲ, ಪಕ್ಕದಲ್ಲಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಸೆಕೆಂಡುಗಳನ್ನು ಎಣಿಸಲು ಪುರುಸೊತ್ತಿರಲಿಲ್ಲ. ಆ ಪುರುಸೊತ್ತು ಪದವಿ ತರಗತಿಯ ವಿದ್ಯಾರ್ಥಿಗಳಿಗಿದೆ. ಲೋಲಕದ ಆವರ್ತಕಾಲವನ್ನು ನೂರನೆಯ ಬಾರಿ ಅಳೆಯುವ ಬದಲು, ಕಚೇರಿಯ ಒಪ್ಪಿಗೆ ಪಡೆದು, ಯಾರ ಪಾಸ್‌ವರ್ಡನ್ನೂ ಕೇಳದೆ, ಇಂಥ ಅಳತೆಯನ್ನು ಪ್ರಯೋಗಪುಸ್ತಕದಲ್ಲಿ ಬರೆದರೆ ಅದೇನು ಭೌತಶಾಸ್ತ್ರವಲ್ಲವೆ?

ಗಂಟಿನಿಂದ ಮದುವೆಯ ಫೋಟೋಗಳನ್ನು ತೆಗೆಯಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಯಿತು. ಅವನ್ನು ಬೇರೆಡೆ ಜೋಪಾನವಾಗಿ ಇಡಿಸಿಕೊಟ್ಟ ಮೇಲೆ ಎಲ್ಲರೂ ಒಪ್ಪಿದರು. ಗಂಟು 100ರಿಂದ 10 ಮೆಗಾಬೈಟಿಗೆ ಇಳಿಯಿತು. ಈಗ ಅಲ್ಲಿ ಬೆಳಗ್ಗೆ 10 ಗಂಟೆಗೆ 53 ಸೆಕೆಂಡಿನಲ್ಲಿ ಒಳಹೋಗಬಹುದು. ಗೋಡೆಯ ಮೇಲಿನ ಚೀಟಿ ಹೋಗಿದೆ. ಒಬ್ಬೊಬ್ಬರೂ ತಮ್ಮ ತಮ್ಮ ಹೆಸರಿನಲ್ಲೇ ಕೆಲಸ ಮಾಡುತ್ತಾರೆ. ಲೆಕ್ಕದ ಪ್ರಕಾರ ಯಂತ್ರದ 38 ಮತ್ತು ಸಂದಣಿಯ 11, ಒಟ್ಟು 49 ಸೆಕೆಂಡು ಆಗಬೇಕಾಗಿತ್ತು. ಹೆಚ್ಚಿನ 4 ಸೆಕೆಂಡು ಎಲ್ಲಿಂದ ಬರುತ್ತಿದೆಯೆಂದು ಇನ್ನೂ ಗೊತ್ತಾಗಿಲ್ಲ. ಮುದ್ರಣಯಂತ್ರದ ಮೇಲೆ ವಿದ್ಯಾರ್ಥಿಗಳಿಗೆ ಅನುಮಾನವಿದೆ. ಮುಂದಿನ ಶನಿವಾರ ಅದರ ತಂತಿಯನ್ನು ಕಿತ್ತು ನೋಡುವವರಿದ್ದಾರೆ.